ಆ ಬಿಳಿ ಬಿಲ್ಲೆಗಳು ಗದ್ದೆಯಲ್ಲಿ ಎಲ್ಲಿದ್ದವು?

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮಾರನೇ ದಿನ ನನ್ನ ಫೋನಿಗೆ ಫೋಟೋಗಳು ಬರೋಕೆ ಶುರುವಾಗುತ್ತವೆ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ರಾತ್ರಿ ಗದ್ದೆ, ಕೊಡವರ ಉಡುಗೆ ಕುಪ್ಯಚೇಲೆ ತೊಟ್ಟ ಗಂಡಸರು, ಕೈಯಲ್ಲಿ ಕದಿರು, ದೀಪ ಹಿಡಿದ ಹೆಂಗಸರು. ಅವರ ತಲೆಯ ಮೇಲೆ ಹತ್ತಾರು ಬಿಳಿ ಬಿಲ್ಲೆಗಳು. ಜೊತೆಗೆ ಒಂದು ಪ್ರಶ್ನೆ: "ಅಣ್ಣಾ, ಇದೇನು ನೋಡಿ. ಅಲ್ಲಿದ್ದಾಗ ನಮಗೇನೂ ಕಾಣಲಿಲ್ಲ. ಗುರು ಕಾರೋಣ ಬಂದಿದ್ದಾರೆ ಅಂತಾರೆ ಅಜ್ಜಿ." ಗುರು ಕಾರೋಣ ಅಂದರೆ ಮನೆತನದ ಮೂಲ ಹಿರಿಯರು.

ಮಡಿಕೇರಿಯಲ್ಲಿ ಸ್ಟುಡಿಯೋ ಇಟ್ಟವನು ನಾನು. ರೀಲ್ ಕಾಲದಿಂದ ರಾತ್ರಿ ಫೋಟೋ ತೆಗೆಯುತ್ತಾ ಬಂದಿದ್ದೇನೆ. ಅಜ್ಜಿಯ ನಂಬಿಕೆಯ ಬಗ್ಗೆ ನಾನು ಮಾತಾಡುವುದಿಲ್ಲ, ಅದು ಅವರ ಮನೆಯ ವಿಷಯ. ಬಿಲ್ಲೆಗಳ ಬಗ್ಗೆ ಮಾತ್ರ ಹೇಳಬಲ್ಲೆ. ಅವು ಯಾರ ತಲೆಯ ಮೇಲೂ ಇರಲಿಲ್ಲ. ಫೋನಿನಿಂದ ಗೇಣು ದೂರದಲ್ಲಿದ್ದವು.

ಪುತ್ತರಿ ರಾತ್ರಿಯ ಗಾಳಿಯಲ್ಲಿ ಏನೆಲ್ಲ ಇರುತ್ತದೆ ಯೋಚಿಸಿ. ಕದಿರು ತೆಗೆಯುವಾಗ ಹಾರಿಸಿದ ಗುಂಡಿನ ಹೊಗೆ, ಪಟಾಕಿ ಹೊಗೆ, ಇಬ್ಬನಿ, ಪೈರಿನ ಧೂಳು. ಫೋನಿನ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇದೆ. ಜನ 3 ಮೀಟರ್ ದೂರದಲ್ಲಿದ್ದಾರೆ, ಒಂದು ಹನಿ 10 ಸೆಂಟಿಮೀಟರ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಹನಿ 30 ಪಟ್ಟು ಹತ್ತಿರ. ದೂರ ಹೆಚ್ಚಿದಂತೆ ಬೆಳಕು ಅದರ ವರ್ಗದ ಲೆಕ್ಕದಲ್ಲಿ ಕಮ್ಮಿಯಾಗುತ್ತದೆ. ಹಾಗಾಗಿ ಹನಿಗೆ ಬೀಳುವುದು ಮುಖಕ್ಕೆ ಬೀಳುವುದಕ್ಕಿಂತ 900 ಪಟ್ಟು ಬೆಳಕು! ಅದು ನೇರ ಲೆನ್ಸಿಗೇ ವಾಪಸ್ ಬರುತ್ತದೆ. ಫೋಕಸ್ ಇರುವುದು ಜನರ ಮೇಲೆ. ಹತ್ತಿರದ ಹನಿ ಫೋಕಸ್ ತಪ್ಪಿ, ಹರಡಿ, ದುಂಡಗೆ ಬಿಲ್ಲೆಯಾಗುತ್ತದೆ.

ಹಳೇ ದೊಡ್ಡ ಕ್ಯಾಮೆರಾಗಳಲ್ಲಿ ಇದು ಇಷ್ಟು ಜಾಸ್ತಿ ಇರಲಿಲ್ಲ. ಅವುಗಳ ಫ್ಲಾಶ್ ಮೇಲೆ, ಲೆನ್ಸಿನಿಂದ ದೂರ ಕೂರುತ್ತಿತ್ತು. ಫ್ಲಾಶ್ ಲೆನ್ಸಿಗೆ ಅಂಟಿಕೊಂಡ ಮೇಲೆ ಬಿಲ್ಲೆಗಳು ಹೆಚ್ಚಾದವು. ಡಿಸೆಂಬರ್ ಚಳಿಯಲ್ಲಿ ಫೋಟೋ ತೆಗೆಯುವವರ ಉಸಿರು ಕೂಡ ಫ್ಲಾಶಿಗೆ ಸಿಕ್ಕಿ ಬಿಳಿ ಆಕಾರವಾಗುತ್ತದೆ. ಅನುಮಾನ ಇದ್ದರೆ ಕಾಫಿ ಕಣ ಗುಡಿಸುವಾಗ, ಕತ್ತಲಾದ ಮೇಲೆ, ಫ್ಲಾಶ್ ಹಾಕಿ ಎರಡು ಫೋಟೋ ತೆಗೆಯಿರಿ. ಎರಡರಲ್ಲೂ ಬಿಲ್ಲೆ ಇರುತ್ತವೆ, ಜಾಗ ಬೇರೆ ಬೇರೆ ಇರುತ್ತದೆ.

ಬಿಲ್ಲೆಗಳಿಂದ ಯಾರಿಗೂ ತೊಂದರೆಯಿಲ್ಲ ಬಿಡಿ. ನನಗೆ ಚಿಂತೆ ಹುಟ್ಟಿಸಿದ್ದು ಇನ್ನೊಂದು ಫೋಟೋ.

ದಕ್ಷಿಣ ಕೊಡಗಿನ ಒಂದು ತೋಟ. ಕಾಫಿ ಕೊಯ್ಲಿನ ಸಮಯ. ಮುಸ್ಸಂಜೆ ಕಳೆದ ಮೇಲೆ ಹುಡುಗನೊಬ್ಬ ಕೆರೆ ದಾರಿಯ ಫೋಟೋ ತೆಗೆದಿದ್ದ. ಅದರಲ್ಲಿ ಬಿಳಿ ಬಟ್ಟೆಯ ಒಂದು ಆಕಾರ. ತಲೆ ಇಲ್ಲ. ಮೈಯ ಮೂಲಕ ಹಿಂದಿನ ಸಿಲ್ವರ್ ಮರ ಕಾಣುತ್ತದೆ. ಫೋಟೋ ತೋಟದ ಕೆಲಸಗಾರರ ಲೈನ್ ಮನೆಗಳಲ್ಲೆಲ್ಲ ಓಡಾಡಿತು. ಹೆಂಗಸರು ಆ ದಾರಿ ಬಿಟ್ಟು ರಸ್ತೆ ಸುತ್ತಿ ಬರತೊಡಗಿದರು. ಕತ್ತಲಲ್ಲಿ, ಆನೆ ಓಡಾಡುವ ರಸ್ತೆಯಲ್ಲಿ! ನನಗೆ ಹೆದರಿಕೆಯಾಗಿದ್ದು ಅದಕ್ಕೆ.

ನಾನು ಮೊದಲು ಕೇಳಿದ್ದು ಮೂಲ ಫೋಟೋ. ವಾಟ್ಸಾಪಿನಲ್ಲಿ ಫೋಟೋವಾಗಿ ಬಂದರೆ ವಿವರಗಳು ಅಳಿಸಿಹೋಗಿರುತ್ತವೆ. ಹುಡುಗನ ಫೋನಿನಲ್ಲೇ ನೋಡಿದೆ. ಶಟರ್ 1 ಸೆಕೆಂಡ್ ತೆರೆದಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕತ್ತಲಲ್ಲಿ ಫೋನು ಬೆಳಕಿಗಾಗಿ ಕಾಯುತ್ತದೆ. ನೈಟ್ ಮೋಡಿನಲ್ಲಂತೂ ಕೆಲವು ಸೆಕೆಂಡು ಹಲವು ಚಿತ್ರ ತೆಗೆದು ಒಂದೇ ಮಾಡುತ್ತದೆ. ಅಷ್ಟರಲ್ಲಿ ಒಬ್ಬರು ಅರ್ಧ ಹೊತ್ತು ನಿಂತು ಹೊರಟುಹೋದರೆ? ಉಳಿದ ಅರ್ಧ ಹೊತ್ತು ಕ್ಯಾಮೆರಾ ಹಿಂದಿನ ಮರವನ್ನೂ ನೋಡುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಬೆರೆಯುತ್ತವೆ.

ಮರುದಿನ ಅದೇ ಹೊತ್ತಿಗೆ ಎಲ್ಲರನ್ನೂ ಕರೆದುಕೊಂಡು ಅಲ್ಲಿಗೇ ಹೋದೆವು. ಒಬ್ಬ ಅಕ್ಕ ಬಿಳಿ ಶಾಲು ಹೊದ್ದು ನಿಂತರು, ನಾನು ಹೇಳಿದ ಕೂಡಲೇ ಪಕ್ಕಕ್ಕೆ ಸರಿದರು. ಪರದೆಯ ಮೇಲೆ ಅದೇ ಆಕಾರ ಬಂತು. ಅದಕ್ಕೂ ತಲೆ ಇಲ್ಲ. ಬಿಳಿ ಶಾಲು ಅರ್ಧ ಸೆಕೆಂಡಿನಲ್ಲೂ ದಾಖಲಾಗುತ್ತದೆ, ಕಪ್ಪು ಕೂದಲು, ನೆರಳಲ್ಲಿದ್ದ ಮುಖ ಹಿಂದಿನ ಕತ್ತಲಿಗೆ ಸೇರಿಹೋಗುತ್ತವೆ. ಆಮೇಲೆ ಮಕ್ಕಳು ಬಿಡಲಿಲ್ಲ. ಒಬ್ಬೊಬ್ಬರೂ ಸರದಿಯಲ್ಲಿ ನಿಂತು ದೆವ್ವವಾದರು. ಆ ಸಂಜೆ ಎಲ್ಲರೂ ಕೆರೆ ದಾರಿಯಲ್ಲೇ ಮನೆಗೆ ಹೋದರು. ಅಷ್ಟು ಖುಷಿ ನನಗೆ ಯಾವ ಮದುವೆ ಆಲ್ಬಮ್ಮೂ ಕೊಟ್ಟಿಲ್ಲ.

ಇದು ಹೊಸ ವಿಷಯವೇನಲ್ಲ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1856ರಲ್ಲೇ ಈ ಉಪಾಯವನ್ನು ವಿನೋದಕ್ಕೆಂದು ವಿವರಿಸಿದ್ದರು. ಮುಂದೆ ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬಾತ, ಸತ್ತವರು ಪಕ್ಕದಲ್ಲಿ ನಿಂತಂತೆ ಕಾಣುವ ಫೋಟೋ ಮಾರಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆ ಕೇಸು ನಡೆಯಿತು. ಸಾಕ್ಷ್ಯ ಸಾಲದೆ ಬಿಟ್ಟರು. ಅವನ ಹತ್ತಿರ ಬಂದವರಲ್ಲಿ ಮಕ್ಕಳನ್ನು, ಗಂಡನನ್ನು ಕಳೆದುಕೊಂಡವರಿದ್ದರು ಅನ್ನೋದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಡಿಕೇರಿ ದಸರಾ ಮಂಟಪಗಳ ಫೋಟೋದಲ್ಲಿ ಆಕಾಶದಲ್ಲಿ ಹಸಿರು ಚುಕ್ಕೆ ತೇಲುತ್ತದೆ ಅಲ್ವಾ? ಜೋರಾದ ದೀಪದಿಂದ ಚಿತ್ರದ ನಡುಮಧ್ಯಕ್ಕೆ ಒಂದು ಗೆರೆ ಎಳೆಯಿರಿ, ಅಷ್ಟೇ ದೂರ ಮುಂದುವರಿಸಿ. ಸಾಮಾನ್ಯವಾಗಿ ಚುಕ್ಕೆ ಅಲ್ಲೇ ಸಿಗುತ್ತದೆ. ಲೆನ್ಸಿನೊಳಗೆ ದೀಪದ ಬೆಳಕು ಪ್ರತಿಫಲಿಸಿದ್ದು ಅದು. ತೋಟದಲ್ಲಿ ಟಾರ್ಚ್ ಬಿಟ್ಟಾಗ ಹೊಳೆಯುವ ಕಣ್ಣುಗಳು ಮರದ ಮೇಲಿದ್ದರೆ ಕಬ್ಬೆಕ್ಕು ಇರಬಹುದು, ನೆಲದ ಮೇಲೆ ಚಿಕ್ಕ ಚುಕ್ಕೆಗಳಾಗಿದ್ದರೆ ಹೆಚ್ಚಿನ ಸಲ ಜೇಡ. ಸಿಸಿ ಕ್ಯಾಮೆರಾದಲ್ಲಿ ರಾತ್ರಿ ತೇಲಾಡುವ ಬಿಳಿ ಪಟ್ಟಿಯೂ ಬಹಳ ಸಲ ಜೇಡರ ಬಲೆಯೇ. ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಪೊರಕೆಯಿಂದ ಒಮ್ಮೆ ಒರೆಸಿ ನೋಡಿ.

ಎಲ್ಲ ಫೋಟೋಕ್ಕೂ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಹತ್ತು ಕೈ ದಾಟಿ ಬಂದ ಮಸುಕು ಚಿತ್ರ ನೋಡಿ ಸುಮ್ನೆ ಏನೋ ಹೇಳುವುದೂ ತಪ್ಪೇ. ಅದಕ್ಕೆ ಒಂದು ಕೋರಿಕೆ. ಮುಂದಿನ ಪುತ್ತರಿಗೆ ಫ್ಲಾಶ್ ಆಫ್ ಮಾಡಿ. ಇನ್ನೊಬ್ಬರ ಫೋನಿನ ಟಾರ್ಚನ್ನು ಎರಡು ಮಾರು ಪಕ್ಕದಿಂದ ಹಿಡಿಸಿ ಫೋಟೋ ತೆಗೆಯಿರಿ. ಆಮೇಲೂ ಏನಾದರೂ ಕಂಡರೆ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ದೀಪ ಯಾವ ಕಡೆ ಇತ್ತು, ಪಕ್ಕದಲ್ಲಿ ಯಾರಿದ್ದರು ಅಂತ ಎರಡು ಸಾಲು ಬರೆಯಿರಿ. ಬೇಕಿದ್ದರೆ ಗದ್ದೆಗೇ ಬರುತ್ತೇನೆ.