ನೆಲ ಕಚ್ಚುವ ಲಂಗರು

ಫೆಬ್ರುವರಿಯ ಒಂದು ಸಂಜೆ, ಹತ್ತು ಮೀಟರ್ ಉದ್ದದ ಹಾಯಿದೋಣಿಯೊಂದು ಕಾರವಾರದ ಕೊಲ್ಲಿಗೆ ಬಂದು ರಾತ್ರಿ ತಂಗುತ್ತದೆ ಎಂದುಕೊಳ್ಳೋಣ. ಬಂದರಿನವರ ಅನುಮತಿ ಸಿಕ್ಕಿದೆ, ದಕ್ಷಿಣಕ್ಕೆ ಬೈತಖೋಲದ ಗುಡ್ಡದ ಮರೆ ಇದೆ, ಹಾಯಿಗಳನ್ನು ಇಳಿಸಿ ಸುತ್ತಿಟ್ಟಾಗಿದೆ. ದೋಣಿಯಲ್ಲಿರುವವರು ನಿಶ್ಚಿಂತೆಯಿಂದ ಮಲಗಬಹುದೇ ಎಂಬುದು ನೀರಿನ ತಳದ ಕೆಸರಿನಲ್ಲಿ ಹೂತಿರುವ, ಸುಮಾರು 15 ಕಿಲೋ ತೂಕದ ಉಕ್ಕಿನ ಲಂಗರಿಗೆ ಬಿಟ್ಟದ್ದು. ನಾಲ್ಕೈದು ಟನ್ ತೂಗುವ ದೋಣಿಯನ್ನು 15 ಕಿಲೋ ಹಿಡಿದಿಡುವುದು ಹೇಗೆ?

ಲಂಗರು ಭಾರವಾಗಿರುವುದರಿಂದಲೇ ದೋಣಿ ನಿಲ್ಲುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕಲ್ಲಿನ ಲಂಗರುಗಳ ಕಾಲದಲ್ಲಿ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ದ್ವಾರಕೆಯೂ ಸೇರಿದಂತೆ ನಮ್ಮ ಪಶ್ಚಿಮ ಕರಾವಳಿಯ ಹಲವೆಡೆ ಸಮುದ್ರದ ತಳದಲ್ಲಿ ಅಂಥ ಕಲ್ಲುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಮೇಲೆ ಹಗ್ಗ ಕಟ್ಟಲು ಒಂದು ದುಂಡನೆಯ ತೂತು ಇದ್ದರೆ, ಕೆಳಗೆ ಮರದ ಗೂಟಗಳನ್ನು ತೂರಿಸಲು ಎರಡು ಚೌಕ ತೂತುಗಳಿವೆ. ಬರಿಯ ಭಾರ ಸಾಲದು, ನೆಲವನ್ನು ಕಚ್ಚಬೇಕು ಎಂಬುದು ಆ ನಾವಿಕರಿಗೆ ಆಗಲೇ ತಿಳಿದಿತ್ತು.

ಈ ಕಚ್ಚುವ ಗುಣವನ್ನು ಗಣಿತದ ಕಣ್ಣಿನಿಂದ ನೋಡಿದವರಲ್ಲಿ ಒಬ್ಬರು ಕೇಂಬ್ರಿಜ್‌ನ ಜೆಫ್ರಿ ಇಂಗ್ರಾಮ್ ಟೇಲರ್. ದ್ರವಗಳ ಚಲನೆಯ ಅಧ್ಯಯನದಲ್ಲಿ ದೊಡ್ಡ ಹೆಸರಾದ ಈ ವಿಜ್ಞಾನಿ ಸ್ವತಃ ಹಾಯಿದೋಣಿಯ ಯಾತ್ರಿಕರೂ ಆಗಿದ್ದರು. 1933ರಲ್ಲಿ ಅವರು ರೂಪಿಸಿದ, ಸಿಕ್ಯೂಆರ್ ಎಂದು ಹೆಸರಾದ ಲಂಗರನ್ನು ನಮ್ಮ ರೈತರು ಕಂಡರೆ ಅದು ನೇಗಿಲೆಂದೇ ಹೇಳಿಯಾರು. ನೀರಿನ ಮೇಲಿಳಿಯುವ ವಿಮಾನಗಳನ್ನು ಕಟ್ಟಿ ನಿಲ್ಲಿಸಲು ಹಗುರವಾದ, ಆದರೆ ಬಲವಾಗಿ ಹಿಡಿಯುವ ಲಂಗರು ಬೇಕಾಗಿತ್ತು. ಆ ಅಗತ್ಯದಿಂದಲೇ ಇದು ಹುಟ್ಟಿತು. ನೆಲಕ್ಕೆ ಸಮನಾಗಿ ಎಳೆದಷ್ಟೂ ಅದರ ಗುಳ ಕೆಳಕ್ಕಿಳಿಯುತ್ತದೆ, ಇಳಿದಷ್ಟೂ ಅದರ ಮುಂದೆ ಒತ್ತರಿಸಿ ನಿಂತ ಮಣ್ಣಿನ ತಡೆ ಹೆಚ್ಚುತ್ತದೆ. ಹೀಗೆ ದೋಣಿಯನ್ನು ಹಿಡಿದಿಡುವುದು ಲಂಗರಿನ ತೂಕವಲ್ಲ, ಸಮುದ್ರದ ತಳದ ಮಣ್ಣು. ಆದರೆ ನೇಗಿಲಿನ ಮೂತಿಯನ್ನು ಮೇಲಕ್ಕೆತ್ತಿ ಎಳೆದರೆ ಗುಳ ಮಣ್ಣು ಬಿಟ್ಟು ಮೇಲೇಳುವಂತೆ, ಎಳೆತ ಮೇಲ್ಮುಖವಾದರೆ ಲಂಗರೂ ಕಿತ್ತು ಬರುತ್ತದೆ. ರಾತ್ರಿಯಿಡೀ ಕಾಯ್ದುಕೊಳ್ಳಬೇಕಾದ್ದು ಈ ಕೋನವನ್ನೇ.

ಕೋನವನ್ನು ಕಾಯುವುದು ಸರಪಳಿಯ ಕೆಲಸ. ತನ್ನ ಭಾರಕ್ಕೆ ತಾನೇ ಜೋತುಬೀಳುವ ಸರಪಳಿ ದೋಣಿಯ ಮೂತಿಯಿಂದ ಬಾಗುತ್ತಾ ಇಳಿದು, ಲಂಗರಿನ ಬಳಿ ನೆಲಕ್ಕೆ ಒರಗಿ ಮಲಗುತ್ತದೆ. ಆಗ ಲಂಗರಿಗೆ ತಲುಪುವ ಎಳೆತ ಅಡ್ಡಡ್ಡವಾಗಿರುತ್ತದೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಾಳಿಗೆ ಎದುರಾಗುವ ದೋಣಿಯ ಮೈ 10 ಚದರ ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು 60 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಎಂಟು ಮಿಲಿಮೀಟರ್ ದಪ್ಪದ ಸರಪಳಿ ನೀರಿನೊಳಗೆ ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ನೀರಿನ ಆಳ 5 ಮೀಟರ್, ನೀರಿನಿಂದ ಮೂತಿಯ ಎತ್ತರ 1 ಮೀಟರ್ ಆದಾಗ, ಲಂಗರಿನ ಬಳಿ ಎಳೆತ ಅಡ್ಡವಾಗಿಯೇ ಉಳಿಯಲು ಸುಮಾರು 25 ಮೀಟರ್ ಸರಪಳಿ ಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ; ಆಗ ಬೇಕಾಗುವ ಸರಪಳಿ ಸುಮಾರು 50 ಮೀಟರ್. ಜಾಗವಿದ್ದಲ್ಲಿ ಸರಪಳಿಯನ್ನು ಧಾರಾಳವಾಗಿ ಬಿಡುವುದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಸಂಜೆ ಸರಿಯಾಗಿದ್ದ ಲೆಕ್ಕ ನಡುರಾತ್ರಿಯ ಹೊತ್ತಿಗೆ ಬದಲಾಗಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸವಿರುತ್ತದೆ. ಇಳಿತದ ಹೊತ್ತಿನಲ್ಲಿ ಬಿಟ್ಟ 25 ಮೀಟರ್ ಸರಪಳಿ, ಅದೇ ಗಾಳಿಗೆ, ತುಂಬಿದ ಉಬ್ಬರದಲ್ಲಿ ಮೂರು ಮೀಟರಿನಷ್ಟು ಸಾಲದೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಗಾಳಿಯ ತಿರುವು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಹಗಲು ಕಾದ ನೆಲದ ಕಡೆಗೆ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು, ಸಹ್ಯಾದ್ರಿಯ ಇಳಿಜಾರಿನಿಂದ, ಕಾಳಿಯ ಕಣಿವೆಯಿಂದ ತಂಪು ಗಾಳಿ ಕಡಲಿನತ್ತ ಹೊರಡುತ್ತದೆ. ಸಂಜೆ ಊರಿನ ಕಡೆಗೆ ತೇಲಿ ನಿಂತಿದ್ದ ದೋಣಿ ಬೆಳಗಿನ ಜಾವಕ್ಕೆ ಅರ್ಧ ಸುತ್ತು ಬಂದು ಕಡಲಿನ ಕಡೆಗೆ ನಿಂತಿರುತ್ತದೆ, ಲಂಗರಿನ ಮೇಲಿನ ಎಳೆತವೂ ತಿರುಗುಮುರುಗಾಗಿರುತ್ತದೆ. ನೆಲಗಾಳಿ ಸಾಮಾನ್ಯವಾಗಿ ಮಂದವಾಗಿರುವುದು ನಾವಿಕರ ಪುಣ್ಯ. ಟೇಲರ್ ತಮ್ಮ ಲಂಗರಿನ ದಂಡಕ್ಕೂ ಗುಳಕ್ಕೂ ನಡುವೆ ಒಂದು ಕೀಲನ್ನು ಇಟ್ಟಿದ್ದೂ ಇಂಥ ಗಳಿಗೆಗಾಗಿಯೇ: ಎಳೆತದ ದಿಕ್ಕು ಸ್ವಲ್ಪ ಬದಲಾದರೆ ದಂಡ ಮಾತ್ರ ವಾಲುತ್ತದೆ, ಗುಳ ಮಣ್ಣಿನಲ್ಲೇ ಉಳಿಯುತ್ತದೆ.

ಮೂವತ್ತು ಮೀಟರ್ ಸರಪಳಿ ಬಿಟ್ಟ ಈ ದೋಣಿ ತಿರುಗುವಾಗ ಆಚೀಚೆ ನಲವತ್ತು ನಲವತ್ತು ಮೀಟರ್ ಜಾಗ ಬೇಡುತ್ತದೆ. ಇಕ್ಕಟ್ಟಾದ ಬಂದರುಗಳಲ್ಲಿ ತಳಕ್ಕೆ ಭಾರಿ ಕಾಂಕ್ರೀಟ್ ದಿಮ್ಮಿಯನ್ನು ಇಳಿಸಿ, ಅದಕ್ಕೆ ತೇಲುಬುರುಡೆ ಕಟ್ಟಿ, ದೋಣಿಗಳನ್ನು ಅದಕ್ಕೆ ಬಿಗಿಯುವುದು ಈ ಕಾರಣಕ್ಕೆ. ಅಲ್ಲಿ ನಿಜವಾಗಿಯೂ ಭಾರವೇ ಕೆಲಸ ಮಾಡುತ್ತದೆ. ಹಗ್ಗ ಗಿಡ್ಡವಾಗಿದ್ದರೂ ನಡೆಯುತ್ತದೆ.

ಲಂಗರು ಜಾರುತ್ತಿದೆಯೇ ಎಂದು ಕತ್ತಲಲ್ಲಿ ತಿಳಿಯುವ ಹಳೆಯ ಉಪಾಯ ಈಗಲೂ ಅಷ್ಟೇ ನೆಚ್ಚಿಕೆಯದು. ದಡದ ಮೇಲೆ ಒಂದರ ಹಿಂದೆ ಒಂದು ಬರುವ ಎರಡು ದೀಪಗಳನ್ನು ಗುರುತಿಟ್ಟುಕೊಳ್ಳಬೇಕು. ದೋಣಿ ಅಡ್ಡಕ್ಕೆ ಸರಿದರೆ ಹತ್ತಿರದ ದೀಪವೂ ದೂರದ ದೀಪವೂ ಬೇರ್ಪಡುತ್ತವೆ. ದೇವಗಡ ದ್ವೀಪದ ದೀಪಸ್ತಂಭದ ದಿಕ್ಕನ್ನು ದಿಕ್ಸೂಚಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೊಂದು ಸಾಕ್ಷಿ ಸಿಕ್ಕಂತೆ. ಮೂತಿಯಲ್ಲಿ ನಿಂತು ಸರಪಳಿಯ ಮೇಲೆ ಅಂಗೈ ಇಟ್ಟರೂ ಗೊತ್ತಾಗುತ್ತದೆ: ಕಚ್ಚಿ ನಿಂತ ಲಂಗರಿನ ಸರಪಳಿ ನಿಧಾನವಾಗಿ ಬಿಗಿದು ಸಡಿಲಗೊಳ್ಳುತ್ತದೆ, ಜಾರುವ ಲಂಗರಿನದು ದಡದಡನೆ ಅದುರುತ್ತದೆ. ದೋಣಿಯಲ್ಲಿ ಎಲ್ಲ ದಿಕ್ಕಿಗೂ ಕಾಣುವ ಬಿಳಿಯ ದೀಪವೊಂದು ಬೆಳಗುವವರೆಗೆ ಉರಿಯುತ್ತಿರಬೇಕೆಂಬುದು 1972ರ ಅಂತರರಾಷ್ಟ್ರೀಯ ನಿಯಮ. ನಸುಕಿನಲ್ಲಿ ಮೀನಿಗೆ ಹೊರಡುವ ದೋಣಿಗಳವರಿಗೆ ಆ ದೀಪ ಕಾಣಲೇಬೇಕು.

ಬೆಳಿಗ್ಗೆ ಹೊರಡುವಾಗ ಇದೇ ಕೋನವನ್ನು ಬೇಕೆಂದೇ ಕೆಡಿಸಬೇಕು. ಸರಪಳಿಯನ್ನು ಮೆಲ್ಲನೆ ಒಳಗೆಳೆಯುತ್ತಾ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದರೆ ಎಳೆತ ಕಡಿದಾಗುತ್ತದೆ. ರಾತ್ರಿಯಿಡೀ ಜಗ್ಗಿದರೂ ಅಲುಗದಿದ್ದ ಲಂಗರು ಈಗ ಕೆಸರಿನಿಂದ ಬಿಟ್ಟುಕೊಂಡು, ಗುಳದ ತುಂಬ ಕಪ್ಪು ಜೇಡಿಯನ್ನು ಮೆತ್ತಿಕೊಂಡು, ಮೇಲೆ ಬರುತ್ತದೆ.