ನೆಲ ಬಿಟ್ಟ ಮೊದಲ ನಿಮಿಷ: ತರಬೇತಿ ವಿಮಾನಗಳ ಎಂಜಿನ್ ವೈಫಲ್ಯದ ಹಿನ್ನೆಲೆ

ಒಂದೇ ಎಂಜಿನ್ನಿನ ತರಬೇತಿ ವಿಮಾನ ಹತ್ತು ಸಾವಿರ ಅಡಿ ಎತ್ತರದಲ್ಲಿರುವಾಗ ಎಂಜಿನ್ ನಿಂತರೆ, ಅದನ್ನು ಮತ್ತೆ ಚಾಲೂ ಮಾಡಿ ನೋಡುವುದಕ್ಕೂ ಇಳಿಯಲು ಬಯಲೊಂದನ್ನು ಹುಡುಕುವುದಕ್ಕೂ ಪೈಲಟ್‌ಗೆ ಕೆಲವು ನಿಮಿಷಗಳಾದರೂ ಸಿಗುತ್ತವೆ. ಅದೇ ಎಂಜಿನ್ ಟೇಕಾಫ್ ಆದ ಕೂಡಲೇ, ಮುನ್ನೂರು ಅಡಿಯಲ್ಲಿ ನಿಂತರೆ ಉಳಿಯುವುದು ಸೆಕೆಂಡುಗಳು ಮಾತ್ರ. ಮೂತಿ ಮೇಲೆತ್ತಿ ಏರುತ್ತಿರುವ ವಿಮಾನದ ವೇಗ ತಕ್ಷಣ ಕುಸಿಯುತ್ತದೆ. ಮೂತಿ ತಗ್ಗಿಸಿ ಎದುರಿಗೆ ಸಿಕ್ಕ ಜಾಗದಲ್ಲೇ ಇಳಿಸಬೇಕು ಎಂಬುದು ಮೊದಲ ದಿನದಿಂದ ಕಲಿಸುವ ಪಾಠ. ಆದರೆ ಮನಸ್ಸು ಹಿಂದೆ ಬಿಟ್ಟುಬಂದ ರನ್‌ವೇಯತ್ತ ಎಳೆಯುತ್ತದೆ. ಎತ್ತರ ಬಿಟ್ಟುಕೊಡದೆ 45 ಡಿಗ್ರಿ ವಾಲಿ ತಿರುಗಿದರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ವೇಗ ಸುಮಾರು ಶೇ 19ರಷ್ಟು, 60 ಡಿಗ್ರಿ ವಾಲಿದರೆ ಶೇ 41ರಷ್ಟು ಹೆಚ್ಚುತ್ತದೆ. ಇಳಿಯುತ್ತಿರುವ ವೇಗ ಮತ್ತು ಏರುತ್ತಿರುವ ಈ ಮಿತಿ ಸಂಧಿಸಿದ ಕ್ಷಣ ರೆಕ್ಕೆಗಳು ವಿಮಾನವನ್ನು ಹೊರಲಾರವು.

ಭಾರತೀಯ ವಾಯುಪಡೆಯಲ್ಲಿ ಈ ಅಪಾಯವನ್ನು ಅತ್ಯಂತ ನೋವಿನಿಂದ ಎದುರಿಗಿಟ್ಟದ್ದು ಎಚ್‌ಪಿಟಿ-32 ದೀಪಕ್ ಎಂಬ ತರಬೇತಿ ವಿಮಾನ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಈ ವಿಮಾನ 1977ರ ಜನವರಿಯಲ್ಲಿ ಮೊದಲ ಬಾರಿಗೆ ಹಾರಿತು. 1980ರ ದಶಕದಲ್ಲಿ ಸೇವೆಗೆ ಸೇರಿ ಹಳೆಯ ಎಚ್‌ಟಿ-2 ತರಬೇತಿ ವಿಮಾನದ ಸ್ಥಾನ ತುಂಬಿತು. ಬೋಧಕರೂ ಕಲಿಯುವವರೂ ಅಕ್ಕಪಕ್ಕ ಕೂರುವ ದೀಪಕ್‌ನಲ್ಲಿ 260 ಅಶ್ವಶಕ್ತಿಯ ಪಿಸ್ಟನ್ ಎಂಜಿನ್ ಇತ್ತು. ಆ ಎಂಜಿನ್ ಹಾರಾಟದ ನಡುವೆ ಮತ್ತೆ ಮತ್ತೆ ನಿಲ್ಲತೊಡಗಿತು. ಇಂಧನ ಪೂರೈಕೆಯ ವ್ಯವಸ್ಥೆಯ ಮೇಲೆ ಅನುಮಾನ ಮೂಡಿ, ಬದಲಾವಣೆಗಳೂ ಆದವು, ತೊಂದರೆ ತೀರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಅದರಲ್ಲಿ ಆಪತ್ತಿನಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇರಲಿಲ್ಲ. ಕಡಿಮೆ ಎತ್ತರದಲ್ಲಿ ಎಂಜಿನ್ ಕೈಕೊಟ್ಟರೆ ವಿಮಾನದೊಡನೆಯೇ ನೆಲ ಮುಟ್ಟಬೇಕಿತ್ತು.

2009ರ ಜುಲೈ 31ರಂದು ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ ದೀಪಕ್ ಒಂದು ಪತನಗೊಂಡು ಇಬ್ಬರು ಪೈಲಟ್‌ಗಳು ಸತ್ತರು. ಅಲ್ಲಿಗೆ ಇಡೀ ದೀಪಕ್ ಪಡೆಯ ಹಾರಾಟ ನಿಂತಿತು. ಅಷ್ಟರಲ್ಲಿ 17 ಅಪಘಾತಗಳಲ್ಲಿ 19 ಪೈಲಟ್‌ಗಳು ಪ್ರಾಣ ಕಳೆದುಕೊಂಡಿದ್ದರು. ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಅಳವಡಿಸುವ ಆಲೋಚನೆಯೂ ನಡೆಯಿತು. ನಂಬಲಾಗದ ಎಂಜಿನ್ ಮತ್ತು ಹೊರಬರಲಾಗದ ಕಾಕ್‌ಪಿಟ್ ಒಟ್ಟಿಗಿದ್ದ ವಿಮಾನದಲ್ಲಿ, ಹಾರಾಟವನ್ನೇ ಅರಿಯದ ಎಳೆಯರನ್ನು ಇಷ್ಟು ವರ್ಷ ಕೂರಿಸಿದ್ದು ತಪ್ಪು ಎಂದೇ ನಾನು ಭಾವಿಸುತ್ತೇನೆ.

ದೀಪಕ್ ನಿಂತ ಮೇಲೆ ಪರ್ಯಾಯ ಸಿದ್ಧವಿರಲಿಲ್ಲ. ಮುಂದಿನ ಹಂತಕ್ಕೆಂದು ಇದ್ದ, 1964ರಲ್ಲಿ ಮೊದಲು ಹಾರಿದ್ದ ಕಿರಣ್ ಜೆಟ್‌ನಲ್ಲೇ ಹೊಸಬರು ಮೊದಲ ಪಾಠ ಕಲಿಯಬೇಕಾಯಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ಪಿಸಿ-7 ವಿಮಾನಗಳಿಗೆ ಒಪ್ಪಂದವಾಗಿ, ಮರುವರ್ಷ ಅವು ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಬರತೊಡಗಿದವು. ಟರ್ಬೈನಿನಿಂದ ಪ್ರೊಪೆಲರ್ ತಿರುಗಿಸುವ ಟರ್ಬೊಪ್ರಾಪ್ ಎಂಜಿನ್, ಇಜೆಕ್ಷನ್ ಸೀಟ್ ಎರಡೂ ಅವುಗಳಲ್ಲಿದ್ದವು. ಎಚ್‌ಎಎಲ್‌ನ ಹೊಸ ತರಬೇತಿ ವಿಮಾನ ಎಚ್‌ಟಿಟಿ-40 ಬೆಂಗಳೂರಿನಲ್ಲಿ 2016ರ ಮೇ 31ರಂದು ಮೊದಲ ಬಾರಿಗೆ ಹಾರಿತು. ನೆಲದ ಮೇಲೆ ನಿಂತಿರುವಾಗಲೂ ಪೈಲಟ್‌ನನ್ನು ಹೊರಚಿಮ್ಮಿಸಿ ಪ್ಯಾರಾಚೂಟ್ ಬಿಚ್ಚಿಸಬಲ್ಲ ‘ಝೀರೊ-ಝೀರೊ’ ಆಸನ ಅದರದು. ಅಂಥ 70 ವಿಮಾನಗಳಿಗೆ 2023ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು.

ಅದೇ ವರ್ಷದ ಡಿಸೆಂಬರ್ 4ರಂದು ದುಂಡಿಗಲ್‌ನಿಂದ ಹೊರಟ ಪಿಸಿ-7 ಒಂದು ಮೇದಕ್ ಜಿಲ್ಲೆಯ ತೂಪ್ರಾನ್ ಬಳಿ ಪತನಗೊಂಡಿತು. ಇಜೆಕ್ಷನ್ ಸೀಟ್ ಇದ್ದ ಆ ವಿಮಾನದಲ್ಲಿಯೂ ಬೋಧಕ ಮತ್ತು ಕಲಿಯುತ್ತಿದ್ದ ತರುಣ ಇಬ್ಬರೂ ಉಳಿಯಲಿಲ್ಲ.