ಬೋಟಿನ ಇಂಜಿನ್ ರೂಮಿನ ಅಗ್ನಿಶಾಮಕ: ಮುಳ್ಳು ಹಸಿರಲ್ಲಿದ್ದರೆ ಸಾಲದು

ದುಬಾರೆಯಲ್ಲಿ ಹೊಳೆ ದಾಟಿಸುವ ಮೋಟಾರ್ ಬೋಟ್ ನಾವೆಲ್ಲ ನೋಡಿದ್ದೇವೆ. ಅಂಥ ಬೋಟಿನ ಇಂಜಿನ್ ಹಿಂಬದಿಯ ಹಲಗೆಗೆ ಹೊರಗೇ ಸಿಕ್ಕಿಕೊಂಡಿರುತ್ತದೆ. ಹಾಗಾಗಿ 'ಇಂಜಿನ್ ರೂಮ್' ಎಂಬ ಮಾತೇ ಕೊಡಗಿನವರಾದ ನಮಗೆ ಹೊಸದು. ಡೀಸೆಲ್ ಮೆಕ್ಯಾನಿಕ್ ಕಲಿತು ಮಂಗಳೂರು, ಮಲ್ಪೆ ಕಡೆ ಕೆಲಸಕ್ಕೆ ಹೋಗಬೇಕೆಂದಿರುವವರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ.

ದೊಡ್ಡ ಬೋಟಿನಲ್ಲಿ ಇಂಜಿನ್ ಡೆಕ್ಕಿನ ಕೆಳಗೆ ಮುಚ್ಚಿದ ಗೂಡಿನಲ್ಲಿರುತ್ತದೆ. ಅಲ್ಲಿ ಬೆಂಕಿ ಹತ್ತಿದರೆ ಮೇಲಿದ್ದವರಿಗೆ ತಿಳಿಯುವುದು ತಡ. ಅದಕ್ಕೇ ತಾನಾಗಿ ಸಿಡಿಯುವ, ಅಂದರೆ ಶಾಖಕ್ಕೆ ಬಾಯಿ ತೆರೆದು ಬೆಂಕಿ ಆರಿಸುವ ಅನಿಲ ಚಿಮ್ಮುವ ಸಿಲಿಂಡರನ್ನು ಒಳಗೇ ಕೂರಿಸುತ್ತಾರೆ. ಅದರ ಬಾಯಲ್ಲಿ ಬೆರಳಿನ ತುದಿಯಷ್ಟು ಗಾಜಿನ ಕೊಳವೆ, ಅದರೊಳಗೆ ಬಣ್ಣದ ದ್ರವ. ಬಣ್ಣ ನೋಡಿದರೆ ಎಷ್ಟು ಶಾಖಕ್ಕೆ ಒಡೆಯುತ್ತದೆಂದು ಗೊತ್ತಾಗುತ್ತದೆ: ಕೆಂಪು 68 ಡಿಗ್ರಿ ಸೆಲ್ಸಿಯಸ್, ಹಳದಿ 79, ಹಸಿರು 93. ಇಂಜಿನ್ ರೂಮಿನಲ್ಲಿ ಹೆಚ್ಚಾಗಿ ಕಾಣುವುದು ಹಳದಿ. ಗೋಡೆಗೆ ಪೇಂಟ್ ಹೊಡೆಯುವಾಗ ಈ ಗಾಜಿಗೂ ಒಂದು ಕೈ ಬಳಿದುಬಿಟ್ಟರೆ ಶಾಖ ಮುಟ್ಟುವುದು ನಿಧಾನವಾಗುತ್ತದೆ, ಸಿಲಿಂಡರ್ ತಡವಾಗಿ ಸಿಡಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸುವ ಡೀಸೆಲ್ ಇಂಜಿನ್ನಿನ ಏರ್ ಕ್ಲೀನರ್ ಬಳಿ ಅಂಗೈ ಹಿಡಿದು ನೋಡಿ, ಗಾಳಿ ಎಳೆಯುವುದು ಗೊತ್ತಾಗುತ್ತದೆ. ಅದನ್ನೇ ಲೆಕ್ಕಕ್ಕೆ ತರೋಣ. 3 ಲೀಟರಿನ ಫೋರ್ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ. ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ 1000 ಸಲ 3 ಲೀಟರ್, ಅಂದರೆ 3000 ಲೀಟರ್, ಅಂದರೆ 3 ಘನ ಮೀಟರ್. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಎತ್ತರದ ಇಂಜಿನ್ ರೂಮಿನ ಅಳತೆಯೂ 3 ಘನ ಮೀಟರೇ. ಒಂದೇ ನಿಮಿಷದಲ್ಲಿ ಇಂಜಿನ್ ಇಡೀ ರೂಮಿನಷ್ಟು ಗಾಳಿ ಕುಡಿದು ಹೊರಗೆ ಉಗುಳುತ್ತದೆ! ಬೆಂಕಿ ಆರಿಸಲು ಬಿಟ್ಟ ಅನಿಲವೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಸಿಲಿಂಡರ್ ಸಿಡಿದ ತಕ್ಷಣ ಇಂಜಿನ್ನೂ ರೂಮಿಗೆ ಗಾಳಿಯಾಡಿಸುವ ಬ್ಲೋವರೂ ನಿಲ್ಲಬೇಕು. ಮುಚ್ಚಳ ತೆಗೆದು ಇಣುಕುವುದಂತೂ ಬೇಡವೇ ಬೇಡ. ಒಳಗಿನ ಕಬ್ಬಿಣ ಇನ್ನೂ ಕಾದಿರುತ್ತದೆ, ಹೊಸ ಗಾಳಿ ಸಿಕ್ಕರೆ ಆರಿದ್ದು ಮತ್ತೆ ಹತ್ತಿಕೊಳ್ಳುತ್ತದೆ.

ನಿರ್ವಹಣೆಗೆ ಬರೋಣ. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರು ಗೆರೆಯಲ್ಲಿದ್ದರೆ ಸರಿ ಎಂದು ಬಹಳ ಜನ ಮುಂದೆ ಹೋಗುತ್ತಾರೆ. ಆದರೆ ಒಳಗಿರುವುದು ಎರಡು ವಸ್ತು: ಬೆಂಕಿ ಆರಿಸುವ ಭಾರದ ಅನಿಲ, ಅದನ್ನು ಹೊರಗೆ ತಳ್ಳಲು ಒತ್ತಡದ ನೈಟ್ರೋಜನ್. ಗೇಜ್ ಒತ್ತಡದ ಕಥೆ ಹೇಳುತ್ತದೆ, ತಕ್ಕಡಿ ಅನಿಲದ ಕಥೆ ಹೇಳುತ್ತದೆ. ನೈಟ್ರೋಜನ್ ಹಗುರ, ಅದು ಸೋರಿದರೆ ತೂಕದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಗೇಜಿನ ಮುಳ್ಳು ಅಂಟಿಕೊಂಡು ನಿಂತಿರಲೂಬಹುದು. ಎರಡನ್ನೂ ನೋಡಲೇಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಭ್ಯಾಸಕ್ಕೆ ಕೊಟ್ಟ ಸಿಲಿಂಡರಿನ ಲೇಬಲ್ಲಿನಲ್ಲಿ ಒಟ್ಟು ತೂಕ 5.8 ಕೆಜಿ, ಅನಿಲ 3 ಕೆಜಿ ಎಂದಿತ್ತು. ತೂಗಿದರೆ 5.6 ಬಂತು. ತೂಕ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದರೆ ಮರುಭರ್ತಿ ಎಂಬುದು ನಿಯಮ. ನಾನು 5.8ರ ಮೇಲೆ ಲೆಕ್ಕ ಹಾಕಿ, 290 ಗ್ರಾಂವರೆಗೆ ಪರವಾಗಿಲ್ಲ ಎಂದು ಪಾಸ್ ಮಾಡಿಬಿಟ್ಟೆ. ಲೆಕ್ಕ ಹಾಕಬೇಕಾದದ್ದು ಅನಿಲದ 3 ಕೆಜಿಯ ಮೇಲೆ, ಅಂದರೆ 150 ಗ್ರಾಂ. ಹೋಗಿದ್ದದ್ದು 200 ಗ್ರಾಂ! ಕಬ್ಬಿಣದ ತೂಕ ಯಾವತ್ತೂ ಸೋರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಮನೆಯ ಗ್ಯಾಸ್ ಸಿಲಿಂಡರಿನ ಕಾಲರಿನ ಮೇಲೆ ಖಾಲಿ ತೂಕ ಬರೆದಿರುತ್ತದಲ್ಲ, ಅದಕ್ಕೆ 14.2 ಕೆಜಿ ಕೂಡಿಸಿ ನೋಡುತ್ತೇವೆ, ಇದೂ ಹಾಗೆಯೇ. ಇನ್ನೊಂದು ಮಾತು, ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಇದನ್ನು ಇಡಬೇಡಿ, ನೂರಿನ್ನೂರು ಗ್ರಾಂ ಅದರ ಲೆಕ್ಕಕ್ಕೇ ಬರುವುದಿಲ್ಲ. ಕರಿಮೆಣಸು ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸರಿ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜೇ ಇರುವುದಿಲ್ಲ, ತೂಕವೊಂದೇ ದಾರಿ. ಆ ಅನಿಲ ಮನುಷ್ಯರ ಉಸಿರನ್ನೂ ನಿಲ್ಲಿಸುತ್ತದೆ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾಗದೆ ಬಿಡಬಾರದು. ಪುಡಿಯ ಕೈ ಅಗ್ನಿಶಾಮಕವನ್ನು ಆಗಾಗ ತಲೆಕೆಳಗು ಮಾಡಿ ಅಲುಗಿಸಿ, ಬೋಟಿನ ಅದುರಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಬೋಟಿಂಗ್ ನಿಲ್ಲಿಸುತ್ತಾರಲ್ಲ, ಆಗ ಶೆಡ್ಡಿನಲ್ಲಿ ಬಿದ್ದಿದ್ದ ಸಿಲಿಂಡರ್‌ಗಳನ್ನು ತುಲಾ ಸಂಕ್ರಮಣದ ಹೊತ್ತಿಗೆ ಹೊರತೆಗೆದು ತುಕ್ಕು, ಪಿನ್, ಸೀಲ್ ನೋಡುವುದು ಒಳ್ಳೆಯದು.

ಬದಲಾಯಿಸುವಾಗ ಹಳೆಯದರ ಮೇಲೆ ಹ್ಯಾಲಾನ್ 1301 ಎಂದಿದ್ದರೆ ಅದೇ ಅಳತೆಯ ಹೊಸದು ತಂದು ಕೂರಿಸಲು ಹೋಗಬೇಡಿ. ಓಝೋನ್ ಪದರ ಹಾಳುಮಾಡುವ ಆ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ನಿಲ್ಲಿಸಿದರು. ಶ್ರೀಮಂತ ದೇಶಗಳಲ್ಲಿ 1994ರ ಆರಂಭಕ್ಕೆ ತಯಾರಿಕೆ ನಿಂತಿತು, ನಮ್ಮಂಥ ದೇಶಗಳಿಗೆ ಗಡುವು 2010. ಅದರ ಬದಲಿಗೆ ಬಂದ ಎಫ್ಎಂ-200 ಎಂಬ ಅನಿಲ ಅಷ್ಟೇ ಜಾಗಕ್ಕೆ ಹೆಚ್ಚು ತೂಕ ಬೇಡುತ್ತದೆ, ಸಿಲಿಂಡರೂ ದೊಡ್ಡದು. ರೂಮನ್ನು ಹೊಸದಾಗಿ ಅಳೆದು, ಇಂಜಿನ್ ಹಿಡಿದ ಜಾಗವನ್ನು ಕಳೆಯದೆ, ಪೂರ್ತಿ ಅಳತೆಗೆ ತಕ್ಕದ್ದನ್ನೇ ತರಿಸಿ.

ಹಳೆಯದನ್ನು ಬಿಚ್ಚುವ ಮೊದಲು ಕೈಯಿಂದ ಎಳೆದು ಸಿಡಿಸುವ ಕೇಬಲ್ ಕಳಚಿ, ಸುರಕ್ಷಾ ಪಿನ್ ಹಾಕಿ. ವಾಲ್ವಿಗೆ ಸ್ಪ್ಯಾನರ್ ಹಾಕಲೇಬಾರದು. ಸಿಲಿಂಡರ್ ತೆಗೆದ ಮೇಲೆ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಇಂಧನ ಪಂಪ್ ಬಿಚ್ಚಲು ಓಡಬೇಡಿ. ಸಿಲಿಂಡರಿಗೆ ಕೂಡಿಸಿದ ಪ್ರೆಷರ್ ಸ್ವಿಚ್ ಒತ್ತಡವಿಲ್ಲವೆಂದು ಕಂಡು, ಸಿಡಿದೇ ಹೋಗಿದೆಯೆಂದು ಲೆಕ್ಕ ಹಾಕಿ ಇಂಜಿನ್ ನಿಲ್ಲಿಸಿರುತ್ತದೆ. ಹೊಸ ಸಿಲಿಂಡರ್ ಕೂರಿಸಿ ಆ ವೈರ್ ಸೇರಿಸಿ. ಡ್ಯಾಶ್‌ಬೋರ್ಡಿನ ದೀಪ ಸರಿಯಾದದ್ದನ್ನು ನೋಡಿಕೊಂಡು, ತೂಕವನ್ನೂ ತಾರೀಕನ್ನೂ ಚೀಟಿಯಲ್ಲಿ ಬರೆದು ಕಟ್ಟಿ, ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ.